ಕಂಠಕ್ಕೆ ಬೆಸುಗೆ ಹಾಕಿದ ಹಂಡೆ

ಸೋಮೇಶ ಟವೆಲಿನಿಂದ ಕತ್ತು ಒರೆಸಿಕೊಳ್ಳುತ್ತ ಪಡಸಾಲೆಗೆ ಬಂದವನೇ ಅತ್ತಿಗೆಯ ಕಿವಿಯ ಬಳಿ ಬಗ್ಗಿದ.

"ಬರಲ್ವಂತೆ ಕಣತ್ಗೆ."

ಗಂಡನ ಹಣೆಗೆ ವಿಭೂತಿ ಬಳಿಯುತ್ತಿದ್ದ ಶಾಂತಮಲ್ಲಮ್ಮ ಕೈ ತಡೆದಳು. ಚಿಕ್ಕಮಲ್ಲಪ್ಪನನ್ನು ಗೋಡೆಗೆ ಒರಗಿಸಿ, ಕಾಲು ಮಡಚಿ, ಪೇಟ ಸುತ್ತಿ ಕೂರಿಸಿದ್ದರು. ಬಾಯಿ ತೆರೆಯದಂತೆ ಗಲ್ಲಕ್ಕೆ ಬಿಳಿ ಬಟ್ಟೆ ಕಟ್ಟಿದ್ದರು.

"ಯಾರು?"

"ಕೇರಿಯವ್ರು. ಗುಂಡಿ ತೋಡಕ್ಕೆ ಯಾರೂ ಬರಲ್ವಂತೆ. ಆ ಮಾರಯ್ಯನ ಮಗ ನಿಂಗರಾಜು, ಬಸ್ ಡಿಪೋದಲ್ಲಿ ಕೆಲ್ಸ ಸಿಕ್ಕದ್ದೇ ಸಿಕ್ಕದ್ದು, ಕೊಬ್ಬು ನೋಡ್ಬೇಕು. 'ನಮ್ಮಪ್ಪನ ಕೈ ನೋಡ್ಕಂಡು ಓಗಿ' ಅಂತಾನೆ. ಕೂಲಿ ಜಾಸ್ತಿ ಕೊಡ್ತೀವಿ ಕಣ್ಲಾ ಅಂದ್ರೆ ಬಾಗ್ಲು ಆಕ್ಕಂಡ."

ತೊಂಬತ್ತೈದರ ಆ ಬೇಸಿಗೆಯಲ್ಲಿ ಉಡಿಗಾಲ ಊರಿನ ನೆಲ ಕಾದ ಹೆಂಚಿನಂತಾಗಿತ್ತು. ಹೊತ್ತು ಮುಳುಗುವುದರೊಳಗೆ ಮಣ್ಣು ಮಾಡಬೇಕೆಂದು ಕ್ರಿಯೆ ಮಾಡಿಸಲು ಬಂದ ಅಯ್ಯನವರು ಆಗಲೇ ಎರಡು ಸಲ ಹೇಳಿದ್ದರು. ಗುಂಡ್ಲುಪೇಟೆಯಿಂದ ಬಂದ ಮಗಳು ಸುಧಾಮಣಿ ಅತ್ತು ಅತ್ತು ದನಿ ಕಳೆದುಕೊಂಡು ಅಪ್ಪನ ಕಾಲ ಬಳಿ ಕೂತಿದ್ದಳು. ಚಾಮರಾಜನಗರದ ಪೇಟೆಯಿಂದ ಬಂದ ವ್ಯಾಪಾರಿಗಳು ಚಪ್ಪರದ ನೆರಳಲ್ಲಿದ್ದರು. ಅವರ ನಡುವೆ, ಠಾಣೆಯಲ್ಲಿ ರೈಟರ್ ಆಗಿದ್ದು ನಿವೃತ್ತನಾದ ಮುದುಕ ಕುರ್ಚಿ ಹಾಕಿಸಿಕೊಂಡು ಕೂತು, ಸತ್ತವನ ಗುಣಗಾನ ನಡೆಸಿದ್ದ.

"ನನ್ನ ಸರ್ವೀಸ್‌ನಲ್ಲಿ ಎಷ್ಟು ಗಿರವಿ ಅಂಗಡಿಯೋರನ್ನ ನೋಡಿದೀನಿ. ಕದ್ದ ಮಾಲು ಅಂತ ಗೊತ್ತಿದ್ದೂ ತಗೊಳ್ಳೋರೇ ಎಲ್ಲಾ. ಈ ಪುಣ್ಯಾತ್ಮ ಒಂದು ಸೌಟು ಕೊಂಡ್ರೂ ಮಾರಿದೋನ ಹೆಸರು, ಊರು, ಹೆಬ್ಬೆಟ್ಟು ಎಲ್ಲಾ ತಂದು ಒಪ್ಪಿಸೋರು. ಸಾಯಂಕಾಲ ಇವರು ಠಾಣೆ ಮೆಟ್ಲು ಹತ್ತಿದ್ರು ಅಂದ್ರೆ ದೀಪ ಹಚ್ಚೋ ಹೊತ್ತಾಯ್ತು ಅಂತಲೇ ಲೆಕ್ಕ."

"ಪ್ರಾಮಾಣಿಕರು ಬುಡಿ," ಎಂದರು ಯಾರೋ.

ಶಾಂತಮಲ್ಲಮ್ಮ ವಿಭೂತಿಯ ಗಟ್ಟಿಯನ್ನು ಮಗಳ ಕೈಗಿಟ್ಟು ಎದ್ದಳು.

"ನಾನೋಗಿ ಬತ್ತೀನಿ."

"ನೀನಾ? ಹೆಣ ಮನೇಲಿಟ್ಕಂಡು ಕೇರಿಗೋಯ್ತೀಯಾ?" ಸೋಮೇಶ ಕಣ್ಣರಳಿಸಿದ.

ಅವಳಾಗಲೇ ಹಿತ್ತಲ ಬಾಗಿಲು ದಾಟಿದ್ದಳು.

*

ಅದು ಸುಧಾಮಣಿ ಇನ್ನೂ ಲಂಗ ತೊಟ್ಟು ಸ್ಕೂಲಿಗೆ ಹೋಗುತ್ತಿದ್ದಾಗಿನ ಮಾತು.

ಚಿಕ್ಕಮಲ್ಲಪ್ಪನಿಗೆ ಪೇಟೆಯಲ್ಲಿ ಹಳೆ ಪಾತ್ರೆಯ ಅಂಗಡಿ. ಕೊಳ್ಳುವುದು, ಮಾರುವುದು, ಗಿರವಿ ಹಿಡಿಯುವುದು. ಲೈಸೆನ್ಸಿಗೆ ಕಟ್ಟು ಹಾಕಿಸಿ ಶಿವನ ಪಟದ ಪಕ್ಕದಲ್ಲೇ ತೂಗುಹಾಕಿದ್ದ. ಮಾಲು ತಂದವನು ಯಾರು, ಯಾವ ಊರು, ಮಾಲಿಗೆ ಏನು ಗುರುತು ಎಂಬುದನ್ನೆಲ್ಲ ಬರೆದು ಅದರ ಪ್ರತಿಯನ್ನು ಠಾಣೆಗೆ ಕೊಡಬೇಕು. ಕಳುವಾದ ಸಾಮಾನಿನ ಪಟ್ಟಿ ಠಾಣೆಯಿಂದ ಬಂದರೆ ಅಂಗಡಿಯಲ್ಲಿ ಹುಡುಕಿ ತಿಳಿಸಬೇಕು. ಕಟ್ಟಳೆ ಇದ್ದದ್ದು ಇಷ್ಟು. ಆಗೆಲ್ಲ ಅವನೂ ಉಳಿದವರಂತೆಯೇ, ನೆನಪಾದರೆ ಬರೆದ, ಇಲ್ಲವಾದರೆ ಬಿಟ್ಟ.

ಒಮ್ಮೆ ಗುಂಡ್ಲುಪೇಟೆಯ ಬಸ್‌ಸ್ಟ್ಯಾಂಡಿನಲ್ಲಿ, ಸಂಸಾರ ಕಟ್ಟಿಕೊಂಡು ಕೇರಳದ ಕಡೆ ಹೊರಟಿದ್ದ ಹೆಂಗಸೊಬ್ಬಳು ತಾಮ್ರದ ಹಂಡೆಯೊಂದನ್ನು ಅವನಿಗೆ ಮಾರಿದಳು. ಡ್ರೈವರು ಹಾರನ್ ಹೊಡೆಯುತ್ತಿದ್ದ. ಹೆಸರು ಕೇಳಲು ಪುರುಸೊತ್ತಾಗಲಿಲ್ಲ. ಹಂಡೆಯ ಕಂಠ ಸೀಳಿತ್ತು. ಅದಕ್ಕೆ ಅಂಗೈಯಗಲ ಬೆಸುಗೆ ಹಾಕಿಸಿದ. ಶಾಂತಮಲ್ಲಮ್ಮನೇ ಹುಣಸೆಹಣ್ಣು ಹಾಕಿ ತಿಕ್ಕಿ ಬೆಳಗಿದಳು. ಅವರ ಹೊಲಕ್ಕೆ ಕೂಲಿಗೆ ಬರುತ್ತಿದ್ದ ಮಾರಯ್ಯ ಅದನ್ನು ಆಸೆಪಟ್ಟು ಕೊಂಡ. ಹಂಡೆ ತಲೆ ಮೇಲೆ ಹೊತ್ತು, "ನಮ್ಮವ್ವನ ಕಾಲ್ದಿಂದ ಮಡಕೇಲೇ ನೀರು ಕಾಯ್ಸದ್ದು ಕಣವ್ವಾರೇ," ಎಂದು ನಗುತ್ತಾ ಹೋದ.

ವರ್ಷಗಳಾದ ಮೇಲೆ ಹೆಂಡತಿ ದೊಡ್ಡಮಾದಮ್ಮ ಆಸ್ಪತ್ರೆ ಸೇರಿದಾಗ ಅದೇ ಹಂಡೆಯನ್ನು ತಂದು ಗಿರವಿ ಇಟ್ಟ. ಆ ದಿನ ಚಿಕ್ಕಮಲ್ಲಪ್ಪ ಬರೆದುಕೊಂಡ, ಹೆಬ್ಬೆಟ್ಟನ್ನೂ ಒತ್ತಿಸಿಕೊಂಡ, ಪ್ರತಿಯನ್ನು ಠಾಣೆಗೂ ಕೊಟ್ಟ. ಸ್ವಲ್ಪ ದಿನಕ್ಕೆ, ದೂರದ ಛತ್ರವೊಂದರಿಂದ ಕಳುವಾದ ಪಾತ್ರೆಗಳ ಪಟ್ಟಿ ಬಂತು. ಅದರಲ್ಲಿ ಕಂಠಕ್ಕೆ ಬೆಸುಗೆ ಹಾಕಿದ ಹಂಡೆಯೂ ಇತ್ತು. ಹಿಂದೆಯೇ ಜೀಪಿನಲ್ಲಿ ಹೊರಗಿನ ಪೊಲೀಸರು ಬಂದು, ಮಾರಯ್ಯನನ್ನು ಗದ್ದೆಯಿಂದಲೇ ಪೇಟೆಯ ಠಾಣೆಗೆ ಎಳೆದುಕೊಂಡು ಹೋದರು.

ಅಂದು ಅಂಗಡಿಗೆ ಬುತ್ತಿ ತಂದಿದ್ದ ಶಾಂತಮಲ್ಲಮ್ಮ ಎಲ್ಲವನ್ನೂ ಕಣ್ಣಾರೆ ಕಂಡಳು. ಸಾಹೇಬರು ಮಾರಯ್ಯನನ್ನು ಅಂಗಡಿಯ ಮುಂದೆ ನಿಲ್ಲಿಸಿದ್ದರು. ತುಟಿ ಒಡೆದಿತ್ತು, ಆದರೂ ಅವನ ಮುಖದಲ್ಲಿ ಒಂದು ಗೆಲುವಿತ್ತು.

"ಸಾವ್ಕಾರ್ರೇ ಮಾರಿದ್ದು ಸಾ. ಕೇಳಿ ಬೇಕಾದ್ರೆ. ಏಳ್ತಾರೆ."

"ನೀನು ಮಾರಿದ್ದೇನಯ್ಯಾ ಇವನಿಗೆ? ಮಾರಿದ್ರೆ ನಿನಗೆಲ್ಲಿಂದ ಬಂತು, ತೋರಿಸು."

ಚಿಕ್ಕಮಲ್ಲಪ್ಪ ಗೋಡೆಯ ಲೈಸೆನ್ಸಿನ ಕಡೆ ನೋಡಿದ. ಆಮೇಲೆ ಹಂಡೆಯ ಕಡೆ.

"ನೆನಪಿಲ್ಲ ಸಾ," ಎಂದ.

ರಾತ್ರಿ ಊಟಕ್ಕೆ ಕೂತಾಗ ಅವಳು ಬಿಡಲಿಲ್ಲ. "ನಾನೇ ತಿಕ್ಕಿದ್ದಲ್ವಾ ಅದ?"

"ಬರ್ದಿಲ್ಲ ಕಣೆ ನಾನು! ಎಲ್ಲಿಂದ ತಂದೆ ಅಂದ್ರೆ ಏನು ತೋರ್ಸನ? ಅಂಗ್ಡಿ ಮುಚ್ಚಿಸಿ ನನ್ನೇ ಒಳಕ್ಕಾಕ್ತಾರೆ. ಮಗಳು ಬೆಳೀತಾವ್ಳೆ." ತಟ್ಟೆಯಲ್ಲಿ ಮುದ್ದೆ ಹಾಗೆಯೇ ಉಳಿಯಿತು. "ಎರಡೇಟು ಹೊಡೆದು ಬಿಟ್ಬುಡ್ತಾರೆ. ಅವನೇನು ಕಳ್ಳನಲ್ವಲ್ಲ."

ಮಗಳು ಬೆಳೆಯುತ್ತಿದ್ದದ್ದು ನಿಜ. ಶಾಂತಮಲ್ಲಮ್ಮ ತಟ್ಟೆ ಎತ್ತಿದಳು. ಮತ್ತೆ ಕೇಳಲಿಲ್ಲ.

ನಿಜವಾದ ಕಳ್ಳರು ಬೇರೆ ಕಡೆ ಸಿಕ್ಕಿದರು, ಛತ್ರದ ಹಂಡೆಯೂ ಸಿಕ್ಕಿತು. ಮಾರಯ್ಯ ಹಿಂತಿರುಗಿದಾಗ ಬಲಗೈಯ ಬೆರಳುಗಳು ಮಡಚಲು ಬರುತ್ತಿರಲಿಲ್ಲ. ಪಿಕಾಸಿ ಹಿಡಿಯುವ ಕೈ ಅದು. ಊರಲ್ಲಿ ಯಾರು ಸತ್ತರೂ ಗುಂಡಿ ತೋಡಲು ಮೊದಲು ಅವನನ್ನೇ ಕರೆಯುತ್ತಿದ್ದರು.

ಮಾರಯ್ಯನನ್ನು ಹಿಡಿದ ದಿನದಿಂದಲೇ ಚಿಕ್ಕಮಲ್ಲಪ್ಪ ಬರೆಯಲು ಶುರುಮಾಡಿದವನು ಸಾಯುವ ಮುಂಚಿನ ವಾರದವರೆಗೂ ನಿಲ್ಲಿಸಲಿಲ್ಲ. ಚಮಚ ತಂದ ಮುದುಕಿಯನ್ನೂ ನಿಲ್ಲಿಸಿಕೊಂಡು ಅವಳಪ್ಪನ ಹೆಸರು ಕೇಳುತ್ತಿದ್ದ. ಕೇರಿಯ ಮುಂದಿನ ದಾರಿ ಬಿಟ್ಟು ಕೆರೆ ಏರಿ ಸುತ್ತಿ ಮನೆಗೆ ಬರುತ್ತಿದ್ದ. ಪೇಟೆ ಅವನನ್ನು ಹೊಗಳಿತು. ಹೊಗಳಿದ ದಿನ ಅವನು ಮನೆಯಲ್ಲಿ ಯಾರೊಂದಿಗೂ ಮಾತಾಡುತ್ತಿರಲಿಲ್ಲ.

*

ಜಗಲಿಯ ಮೇಲೆ ಕೂತಿದ್ದ ಮಾರಯ್ಯ ಅವಳನ್ನು ಕಂಡು ಏಳಲು ಹೋದ. ಬಾಗಿಲಲ್ಲಿ ನಿಂತಿದ್ದ ನಿಂಗರಾಜು, "ಕೂತ್ಕೋ ಅಪ್ಪ," ಎಂದ. ಮಾರಯ್ಯ ಕೂತ.

"ನಿಂಗರಾಜು, ಕೂಲಿ ಮಾತಾಡಕ್ಕೆ ಬಂದಿಲ್ಲ ಕಣಪ್ಪ ನಾನು," ಎಂದಳು ಶಾಂತಮಲ್ಲಮ್ಮ.

"ನಮ್ಮೋರು ಯಾರೂ ಇನ್ಮೇಲೆ ಗುಂಡಿ ತೋಡಲ್ಲ ಅವ್ವಾರೇ. ನಿಮ್ ಮನೇದೊಂದೇ ಅಲ್ಲ, ಯಾರ್ ಮನೇದೂ. ಆದ್ರೆ ನಿಮ್ಮನೇದಕ್ಕೆ ಮಾತ್ರ ನಂಗೆ ಬೇರೆ ಲೆಕ್ಕ ಅದೆ."

ಅವಳು ಅಂಗಳದ ನೆಲದ ಮೇಲೇ ಕೂತಳು. ದೊಡ್ಡಮಾದಮ್ಮ ಒಳಗಿನಿಂದ ಚಾಪೆ ತಂದರೂ ಅದನ್ನು ಮುಟ್ಟಲಿಲ್ಲ.

"ಮಾರಯ್ಯ, ಆ ಹಂಡೆ ನಮ್ಮಂಗ್ಡೀದೇ. ಅವ್ರು ಮರ್ತಿರ್ಲಿಲ್ಲ. ಗೊತ್ತಿದ್ದೇ ನೆನಪಿಲ್ಲ ಅಂದ್ರು. ನಂಗೂ ಗೊತ್ತಿತ್ತು. ನಾನೂ ಬಾಯಿ ಬುಡ್ನಿಲ್ಲ."

ಇಷ್ಟು ವರ್ಷ ಎದೆಯಲ್ಲಿ ಒತ್ತಿಟ್ಟಿದ್ದ ಮಾತು. ಆಡಿದರೆ ಆಕಾಶ ಕಳಚಿ ಬೀಳುತ್ತದೆ ಎಂದುಕೊಂಡಿದ್ದಳು. ಏನೂ ಬೀಳಲಿಲ್ಲ. ಮಾರಯ್ಯ ತನ್ನ ಸೆಟೆದ ಬೆರಳುಗಳನ್ನು ಎಡಗೈಯಿಂದ ನೀವಿಕೊಳ್ಳುತ್ತಿದ್ದ.

"ಗೊತ್ತು ಕಣವ್ವಾರೇ," ಎಂದ.

"ಗೊತ್ತಿತ್ತಾ?"

"ಅಂಗ್ಡಿ ಮುಂದೆ ಗೊತ್ತಾಗ್ನಿಲ್ಲ. ಭಯಕ್ಕೆ ಅಂಗಂದವ್ರೆ, ಸಂದೆಗೆ ಠಾಣೆಗೆ ಬಂದು ಏಳ್ತಾರೆ ಅಂದ್ಕಂಡೆ. ಅಂಗ್ಡಿ ಲೆಕ್ಕದ ಕಾಗ್ದ ಕೊಡಕ್ಕೆ ಬಂದ್ರು. ನಾನು ಒಳಗೆ ಸರಳ ಇಡ್ಕಂಡು ನಿಂತಿದ್ದೆ. ಕೆಮ್ಮಿದ್ದು ಕೇಳ್ತು. ಮಾರ್ನೆ ದಿನಾನೂ ಬಂದ್ರು. ಅವತ್ತೇ ನನ್ ಕೈ ಬೂಟಲ್ಲಿ ತುಳ್ದದ್ದು. ನಾನು ಕಿರುಚಿದ್ದು ಅವ್ರಿಗೂ ಕೇಳಿರ್ಬೇಕು. ಕಾಗ್ದ ಕೊಟ್ಟು ಮೆಟ್ಲು ಇಳ್ದು ಒಂಟೋದ್ರು. ಆವಾಗ ಗೊತ್ತಾಯ್ತು."

ದೊಡ್ಡಮಾದಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು.

"ನನ್ನ ಏನಾರ ಬೈಯಿ ಮಾರಯ್ಯ," ಎಂದಳು ಶಾಂತಮಲ್ಲಮ್ಮ.

"ಬೈದ್ರೆ ಬೆರಳು ಮಡಚ್ತವಾ?" ಅವನ ದನಿ ಏರಲಿಲ್ಲ. "ಓಗಿ ಅವ್ವಾರೇ. ಒತ್ತಾಯ್ತದೆ. ಬಿಸ್ಲಿಗೆ ಎಣ ಕೆಡ್ತದೆ."

ಅವಳು ಕೈ ಮುಗಿದಳು. ಅವನು ಮುಗಿಯಲಿಲ್ಲ.

*

"ನೀವೇ ತೋಡಿ," ಎಂದು ಬಂದು ಸೋಮೇಶನಿಗೆ ಹೇಳಿದಳು.

ಬೇರೆ ದಾರಿಯಿರಲಿಲ್ಲ. ಸೋಮೇಶ, ಸುಧಾಮಣಿಯ ಗಂಡ, ಪೇಟೆಯ ಒಂದಿಬ್ಬರು ವ್ಯಾಪಾರಿಗಳು ಪಂಚೆ ಎತ್ತಿ ಕಟ್ಟಿ ಹೊಲಕ್ಕೆ ಇಳಿದರು. ಸ್ವಲ್ಪ ಹೊತ್ತಿಗೇ ಅಂಗೈಗಳಲ್ಲಿ ಬೊಬ್ಬೆ ಎದ್ದವು. ಮೇಲಿನ ಕೆಂಪು ಮಣ್ಣಿನ ಕೆಳಗೆ ಸುಣ್ಣಕಲ್ಲಿನ ಪದರ ಸಿಕ್ಕಿ, ಪಿಕಾಸಿ ಹೊಡೆದರೆ ಕಿಡಿ ಹಾರಿತು. ಹೊತ್ತು ಇಳಿಯುತ್ತಿತ್ತು. ಕೇರಿಯ ಜನ ದೂರದ ಬದುವಿನ ಮೇಲೆ ಸಾಲಾಗಿ ನಿಂತು ನೋಡುತ್ತಿದ್ದರು. ಯಾರೂ ನಗಲಿಲ್ಲ, ಯಾರೂ ಹತ್ತಿರ ಬರಲಿಲ್ಲ.

"ಸಾಕು ಬುಡಿ, ಇಳ್ಸನ," ಎಂದ ಸೋಮೇಶ ಏದುಸಿರು ಬಿಡುತ್ತ.

ಹೊಲಕ್ಕೆ ಹೊತ್ತು ತಂದ ಹೆಣವನ್ನು ಕೂತ ಹಾಗೆಯೇ ಹಗ್ಗ ಕೊಟ್ಟು ಇಳಿಸಿದರು. ಅಯ್ಯನವರು ಇಷ್ಟಲಿಂಗವನ್ನು ಎಡಗೈಯಲ್ಲಿ ಇರಿಸಿ, ಮಂತ್ರ ಹೇಳಲು ಬಾಯಿ ತೆರೆದವರು ಹಾಗೇ ನಿಂತರು. ಗುಂಡಿ ಆಳ ಸಾಲದಾಗಿತ್ತು. ಹೆಗಲವರೆಗೆ ಒಳಗೆ ಹೋದ ಚಿಕ್ಕಮಲ್ಲಪ್ಪನ ಕತ್ತು, ತಲೆ, ಪೇಟ ನೆಲದಿಂದ ಮೇಲೇ ಉಳಿದಿದ್ದವು.

"ಎತ್ತಿ, ಎತ್ತಿ! ಇನ್ನೂ ತೋಡ್ಬೇಕು," ಎಂದರು ಅಯ್ಯನವರು.

ಎತ್ತಲು ಆಗಲಿಲ್ಲ. ಮಡಚಿದ ಮಂಡಿಗಳು ಕಲ್ಲಿನ ಸಂದಿಗೆ ಸಿಕ್ಕಿಕೊಂಡಿದ್ದವು. ಸೋಮೇಶ ಪಕ್ಕದಿಂದ ಕಲ್ಲು ಒಡೆಯತೊಡಗಿದ. ಒಂದೊಂದು ಪೆಟ್ಟಿಗೂ ಅಣ್ಣನ ತಲೆ ಅಲುಗುತ್ತಿತ್ತು. ರೈಟರು ಹೊಲಕ್ಕೂ ಹೊತ್ತು ತರಿಸಿದ್ದ ಕುರ್ಚಿಯನ್ನು ಆಚೆ ತಿರುಗಿಸಿಕೊಂಡ. ಬಂದವರೆಲ್ಲ ಮುಖ ಬೇರೆ ಕಡೆ ಮಾಡಿಕೊಂಡರು. ಸುಧಾಮಣಿ ಓಡಿ ಬಂದು, "ಮುಖ ಮುಚ್ಚವ್ವಾ, ಯಾರಾದ್ರೂ ಮುಚ್ಚಿ," ಎಂದು ಮುಚ್ಚಲು ತನ್ನ ಸೆರಗು ಎಳೆದಳು.

ಶಾಂತಮಲ್ಲಮ್ಮ ಮಗಳ ಕೈ ಹಿಡಿದು ತಡೆದಳು.

ಗಲ್ಲದ ಬಟ್ಟೆ ಸಡಿಲಾಗಿ ಬಾಯಿ ಅರ್ಧ ತೆರೆದುಕೊಂಡಿತ್ತು. ಸಂಜೆಯ ಬಿಸಿಲು ಅವನ ಮುಖದ ಮೇಲೆ ನೇರ ಬಿದ್ದಿತ್ತು. ನೆಲದಿಂದ ಎದ್ದ ಆ ತಲೆ, ಬದುವಿನ ಮೇಲೆ ನಿಂತ ಕೇರಿಯ ಜನರ ಕಡೆಗೇ ತಿರುಗಿಕೊಂಡಿತ್ತು.