ಹತ್ತೊಂಬತ್ತನೆಯವನು

ಲೈಲ್ ಹಾರ್ಟಿಗನ್ ಮೆಲ್ಬರ್ನಿನ ದೊಡ್ಡ ಫುಟ್‌ಬಾಲ್ ಲೀಗಿನಲ್ಲಿ ನಾಲ್ಕೇ ಪಂದ್ಯ ಆಡಿ ಯಾಕೆ ವಾಪಸ್ ಬಂದ ಎಂದು ಅವನ ಊರು ಕೂರಿಂಬಾದಲ್ಲಿ ಯಾರನ್ನು ಕೇಳಿದರೂ ಒಂದೇ ಉತ್ತರ: ಮೊಣಕಾಲು. ಪೆಟ್ರೋಲ್ ಬಂಕಿನವನೂ ಅದನ್ನೇ ಹೇಳುತ್ತಾನೆ, ಚರ್ಚಿನ ಪಾದ್ರಿಯೂ ಅದನ್ನೇ ಹೇಳುತ್ತಾನೆ. ಕೆಲವರಂತೂ ಒಳಗೆ ಏನು ಹರಿಯಿತು, ಎಷ್ಟು ಹರಿಯಿತು ಎಂಬುದನ್ನು ತಾವೇ ಕತ್ತರಿಸಿ ನೋಡಿದವರಂತೆ ವಿವರಿಸುತ್ತಾರೆ. ಲೈಲ್ ಹದಿನೇಳು ವರ್ಷದಿಂದ ಪ್ರತಿ ಶನಿವಾರ ಆಟಕ್ಕೆ ಮೊದಲು ಬಲ ಮೊಣಕಾಲಿಗೆ ಬ್ಯಾಂಡೇಜು ಸುತ್ತಿಕೊಳ್ಳುತ್ತಾನೆ. ಆ ಮೊಣಕಾಲಿಗೆ ಏನೂ ಆಗಿಲ್ಲ.

ಒಮ್ಮೆ ಊದಿಕೊಂಡಿದ್ದು ನಿಜ. ಹದಿನೈದು ದಿನ ಐಸು ಇಟ್ಟ ಮೇಲೆ ಇಳಿದೂ ಹೋಗಿತ್ತು. ನಡೆದದ್ದೇ ಬೇರೆ. ನಾಲ್ಕನೆಯ ಪಂದ್ಯದಲ್ಲಿ, ಮೂವತ್ತು ಸಾವಿರ ಜನರ ಎದುರು, ಚೆಂಡು ಅವನ ಕೈಯಲ್ಲಿತ್ತು; ಆಸ್ಟ್ರೇಲಿಯಾದ ಈ ಫುಟ್‌ಬಾಲಿನಲ್ಲಿ ಚೆಂಡನ್ನು ಕೈಯಲ್ಲೂ ಹಿಡಿಯುತ್ತಾರೆ. ಎದುರಿಗೆ ಗೋಲಿನ ಕಂಬಗಳು, ನಡುವೆ ನರಪಿಳ್ಳೆಯಿಲ್ಲ. ಒದ್ದರೆ ಮುಗಿಯಿತು. ಲೈಲ್ ನಿಂತ. ಎಡಗಡೆಯವನಿಗೆ ಕೊಡಲೇ, ನಾನೇ ಒದೆಯಲೇ, ಗಾಳಿ ಯಾವ ಕಡೆಗಿದೆ ಎಂದು ಯೋಚಿಸಿದ. ಅಷ್ಟರಲ್ಲಿ ಹಿಂದಿನಿಂದ ಬಂದವನೊಬ್ಬ ಅವನನ್ನು ನೆಲಕ್ಕೆ ಕೆಡವಿ ಚೆಂಡು ಕಿತ್ತುಕೊಂಡು ಹೋದ. ಆಟ ಮುಗಿದ ಮೇಲೆ ಕೋಚು ಕೂಗಾಡಲಿಲ್ಲ. "ಯೋಚನೆ ಮಾಡೋರಿಗೆ ಯೂನಿವರ್ಸಿಟೀಲಿ ಸಂಬಳ ಕೊಡ್ತಾರಪ್ಪ, ಇಲ್ಲಿ ಕೊಡಲ್ಲ" ಎಂದ, ಅಷ್ಟೇ. ಮುಂದಿನ ವರ್ಷ ಪೂರ್ತಿ ಎರಡನೆಯ ತಂಡದಲ್ಲಿ ಕೊಳೆಸಿ, ಆಮೇಲೆ ಕೈ ಕುಲುಕಿ ಕಳಿಸಿಕೊಟ್ಟರು.

ಊರಿಗೆ ಬಂದಿಳಿದಾಗ ಮೊಣಕಾಲಿನ ಕಥೆ ಅವನಿಗಿಂತ ಮೊದಲೇ ಬಂದು ಕೂತಿತ್ತು. ಯಾರು ತಂದರೋ ಅವನಿಗೆ ಗೊತ್ತಿಲ್ಲ. ಎಲ್ಲರೂ ಕನಿಕರದಿಂದ ಕೇಳುತ್ತಿದ್ದರು, ಅವನು ತಲೆಯಾಡಿಸಿದ. ತಲೆಯಾಡಿಸಲು ನಾಲಿಗೆ ಬೇಕಾಗಿಲ್ಲವಲ್ಲ. ಒಂದು ವಾರದಲ್ಲಿ ಬ್ಯಾಂಡೇಜು ಕೊಂಡುಕೊಂಡ.

ಅವನು ಮೆಲ್ಬರ್ನಿಗೆ ಹೋದ ವರ್ಷ, ದೊಡ್ಡ ತಂಡಗಳು ಹೊಸ ಹುಡುಗರನ್ನು ಆರಿಸಿಕೊಳ್ಳುವಾಗ, ಇಡೀ ದೇಶದಲ್ಲಿ ಮೊದಲು ಕೂಗಿದ್ದು ಗ್ರಾಂಟ್ ನೋಸ್ಕೆಯ ಹೆಸರು, ಎರಡನೆಯದು ಲೈಲ್‌ನದು. ನೋಸ್ಕೆ ಪಕ್ಕದ ಟಾರ್ಗಿನ್‌ನವನು, ಗೋಧಿ ಹೊಲಗಳ ನಡುವೆ ಮೂವತ್ತು ಕಿಲೋಮೀಟರ್ ದೂರ. ಒಂದೇ ಜಿಲ್ಲೆಯ ಇಬ್ಬರು ಹುಡುಗರು ಮೊದಲೆರಡು ಸ್ಥಾನ ಹೊಡೆದರೆಂದು ಪತ್ರಿಕೆಯವರು ಬಂದು, ಗೋಧಿ ತುಂಬಿಡುವ ಸೈಲೊ ಮುಂದೆ ಇಬ್ಬರನ್ನೂ ಹೆಗಲಿಗೆ ಹೆಗಲು ಹಚ್ಚಿ ನಿಲ್ಲಿಸಿ ಫೋಟೊ ತೆಗೆದಿದ್ದರು. ನೋಸ್ಕೆ ಹನ್ನೊಂದು ಪಂದ್ಯ ಆಡಿದ, ಹನ್ನೊಂದು ಪಬ್ಬುಗಳಿಂದ ಹೊರದಬ್ಬಿಸಿಕೊಂಡ, ವಾಪಸ್ ಬಂದ. ಈಗ ಅವನು ಕುರಿ ಸಾಗಿಸುವ ಲಾರಿ ಓಡಿಸುತ್ತಾನೆ, ಕುಡಿತ ಬಿಟ್ಟು ಒಂಬತ್ತು ವರ್ಷವಾಯಿತು. ಲೈಲ್ ಸೈಲೊದಲ್ಲಿ ಗೋಧಿಯ ತೇವ ಪರೀಕ್ಷೆ ಮಾಡುತ್ತಾನೆ. ವರ್ಷಕ್ಕೆ ಎರಡು ಸಲ, ಕೆಲವೊಮ್ಮೆ ಮೂರು ಸಲ, ಅವರಿಬ್ಬರೂ ಮೈದಾನದಲ್ಲಿ ಒಬ್ಬರಿಗೊಬ್ಬರು ಅಂಟಿಕೊಂಡು ಆಡುತ್ತಾರೆ. ಲೈಲ್ ಗೋಲು ಹೊಡೆಯುವವನು, ನೋಸ್ಕೆ ಅವನನ್ನು ತಡೆಯುವವನು. ಮೆಲ್ಬರ್ನಿನ ವಿಷಯ ಒಂದು ದಿನವೂ ಅವರ ನಡುವೆ ಬಂದಿಲ್ಲ.

ಆ ಸೆಪ್ಟೆಂಬರಿನಲ್ಲಿ ಜಿಲ್ಲಾ ಲೀಗಿನ ಫೈನಲ್‌ಗೆ ಬಂದದ್ದು ಇವೇ ಎರಡು ಊರು. ಕೂರಿಂಬಾ ಕಪ್ ಗೆದ್ದು ಮೂವತ್ತೊಂದು ವರ್ಷವಾಗಿತ್ತು. ಮೂವತ್ತೈದು ವರ್ಷದ ಲೈಲ್ ಕ್ಯಾಪ್ಟನ್.

ಬೆಳಿಗ್ಗೆ ಬಟ್ಟೆ ಬದಲಿಸುವ ಕೋಣೆಯ ಬಾಗಿಲಿಗೆ ಮೆರ್ಲ್ ಆಂಟಿ ಬಂದಳು. ಲೈಲ್‌ನ ತಾಯಿಯ ತಂಗಿ, ತಂಡದ ಗಡಿಯಾರ ಹಿಡಿದು ಕೂರುವವಳು. ಮೈದಾನದ ಪಕ್ಕದ ತಗಡಿನ ಅಟ್ಟಣೆಯಲ್ಲಿ ಇಪ್ಪತ್ತಾರು ವರ್ಷದಿಂದ ಅವಳೇ ಸೈರನ್ ಒತ್ತುವುದು.

"ಮೊಣಕಾಲು ಹೆಂಗಿದೆಯೋ?"

"ಪರವಾಗಿಲ್ಲ ಆಂಟಿ."

"ನೋಡು, ಡಾಕ್ಟ್ರು ನನಗೆ ಏನು ಹೇಳಿದಾರೆ ಅಂತ ನಿಂಗೂ ಗೊತ್ತು. ಮುಂದಿನ ಸೆಪ್ಟೆಂಬರು ನನ್ನ ಲೆಕ್ಕದಲ್ಲಿಲ್ಲ. ಕಣ್ಣು ಮುಚ್ಚೋದರೊಳಗೆ ಒಂದು ಕಪ್ ತೋರಿಸಿಬಿಡು, ಸಾಕು. ಹೂ ಗೀ ತರೋದು ಬೇಡ."

ಹಾಗೆಂದು ನಗುತ್ತಾ ಹೋದಳು. ಲೈಲ್‌ಗೆ ನಗು ಬರಲಿಲ್ಲ.

ಮೈದಾನದ ಸುತ್ತ ಕಾರುಗಳು ಮೂತಿ ಒಳಗೆ ಹಾಕಿ ಸಾಲಾಗಿ ನಿಂತಿದ್ದವು. ತಮ್ಮ ಊರು ಗೋಲು ಹೊಡೆದರೆ ಆ ಊರಿನ ಕಾರುಗಳೆಲ್ಲ ಹಾರನ್ ಬಾರಿಸುತ್ತವೆ. ಮಧ್ಯಾಹ್ನವೆಲ್ಲ ಆ ಕಡೆ ಈ ಕಡೆ ಬಾರಿಸಿ ಬಾರಿಸಿ, ಕೊನೆಯ ಅವಧಿಯಲ್ಲಿ ಇನ್ನು ಐದು ನಿಮಿಷ ಉಳಿದಾಗ ಟಾರ್ಗಿನ್ ಎಂಬತ್ತೊಂದು, ಕೂರಿಂಬಾ ಎಪ್ಪತ್ತೆರಡು. ಒಂದು ಗೋಲಿಗೆ ಆರು ಅಂಕ, ಸ್ವಲ್ಪ ಪಕ್ಕಕ್ಕೆ ಹೋದರೆ ಒಂದು. ಎರಡು ಗೋಲು ಹೊಡೆದರೆ ಕಪ್.

ಆಗ ಕೂರಿಂಬಾದ ಒಬ್ಬನ ಹುಬ್ಬು ಸೀಳಿ ರಕ್ತ ಸುರಿಯಿತು. ಅಂಪೈರ್ ಆಟ ನಿಲ್ಲಿಸಿದ. ಗಾಯ ಕಟ್ಟುವವರು ಚೀಲ ಹಿಡಿದು ಓಡಿಬಂದರು. ಎಲ್ಲರೂ ಸೊಂಟಕ್ಕೆ ಕೈಯಿಟ್ಟು ಏದುಸಿರು ಬಿಡುತ್ತಾ ನಿಂತರು. ಆಟ ನಿಂತಾಗ ಎದುರಾಳಿಗಳನ್ನು ಎಣಿಸುವುದು ಲೈಲ್‌ಗೆ ಎಳವೆಯಲ್ಲೇ ಅಂಟಿದ ಚಾಳಿ. ನೀಲಿ ಜೆರ್ಸಿಗಳನ್ನು ಎಣಿಸಿದ. ಹತ್ತೊಂಬತ್ತು. ಕಣ್ಣುಜ್ಜಿಕೊಂಡು ಇನ್ನೊಮ್ಮೆ, ಈ ಸಲ ಹಿಂದಿನಿಂದ ಮುಂದಕ್ಕೆ ಎಣಿಸಿದ. ಹತ್ತೊಂಬತ್ತೇ.

ಒಂದು ತಂಡಕ್ಕೆ ಮೈದಾನದಲ್ಲಿ ಹದಿನೆಂಟು ಜನ ಮಾತ್ರ. ಕ್ಯಾಪ್ಟನ್ ಕೈ ಎತ್ತಿ "ಎಣಿಸಿ" ಎಂದರೆ ಅಂಪೈರ್ ಎರಡೂ ತಂಡಗಳನ್ನು ಮೈದಾನದ ನಡುವೆ ಸಾಲಾಗಿ ನಿಲ್ಲಿಸಿ, ಸ್ಕೂಲ್ ಮಕ್ಕಳ ಹಾಗೆ ತಲೆ ಎಣಿಸುತ್ತಾನೆ. ಒಂದು ತಲೆ ಹೆಚ್ಚಿದ್ದರೆ ಆ ತಂಡ ಅಲ್ಲಿಯ ತನಕ ಗಳಿಸಿದ್ದೆಲ್ಲ ಸೊನ್ನೆ. ಎಂಬತ್ತೊಂದಕ್ಕೂ ತಿಲಾಂಜಲಿ. ಕ್ಯಾಪ್ಟನ್ ಬಿಟ್ಟು ಬೇರೆ ಯಾರೂ ಕೇಳುವಂತಿಲ್ಲ. ಕೂರಿಂಬಾದ ಹಿರಿಯರು ಇಂಥದ್ದೊಂದು ತಾತನ ಕಾಲದಲ್ಲಿ ನಡೆದಿತ್ತು ಎನ್ನುತ್ತಾರೆ. ಕಂಡವರು ಯಾರೂ ಇಲ್ಲ.

ಹತ್ತೊಂಬತ್ತನೆಯವನು ನೋಸ್ಕೆ. ಮೀನಖಂಡ ಹಿಡಿದುಕೊಂಡಿತೆಂದು ಹೊರಗೆ ಕೂತಿದ್ದವನು ಆಗಷ್ಟೇ ಒಳಗೆ ಬಂದಿದ್ದ. ಹೊರಗೆ ಹೋಗಬೇಕಿದ್ದ ಉದ್ದ ಕೂದಲಿನವನಿಗೆ ಕೂಗಿದ್ದು ಕೇಳಿಸಿರಲಿಲ್ಲ, ಅವನು ಆ ತುದಿಯಲ್ಲಿ ನೀರು ಕುಡಿಯುತ್ತಾ ಹಾಯಾಗಿ ನಿಂತಿದ್ದ. ನೋಸ್ಕೆ ಎಂದಿನಂತೆ ಲೈಲ್‌ನ ಪಕ್ಕಕ್ಕೇ ಬಂದು ನಿಂತ. ಲೈಲ್‌ನ ತುಟಿ ಅಲುಗುವುದನ್ನು ನೋಡಿದ. ತಾನೂ ತಿರುಗಿ ನೋಡಿದ. ಅವನ ಮುಖ ಬಿಳಿಚಿಕೊಂಡದ್ದು ಲೈಲ್‌ಗೆ ಕಂಡಿತು.

ಅಂಪೈರ್ ಇಪ್ಪತ್ತು ಹೆಜ್ಜೆ ಆಚೆ ಇದ್ದ. ಕೈ ಎತ್ತಿದರೆ ಮುಗಿಯಿತು.

ಲೈಲ್‌ಗೆ ಮೆರ್ಲ್ ಆಂಟಿಯ ಮುಖ ನೆನಪಾಯಿತು. ಆಮೇಲೆ ನೋಸ್ಕೆಯ ಮಗಳು ನೆನಪಾದಳು, ಅಪ್ಪನ ನಂಬರಿನ ಜೆರ್ಸಿ ಹಾಕಿಕೊಂಡು ಲಾರಿಯ ಬಾನೆಟ್ ಮೇಲೆ ಕೂತಿದ್ದವಳು. ಕಪ್ ಕಳೆದವನು ಎಂದು ಇನ್ನು ಐವತ್ತು ವರ್ಷ ಈ ಜಿಲ್ಲೆಯ ಪ್ರತಿ ಪಬ್ಬಿನಲ್ಲೂ ನೋಸ್ಕೆಯ ಹೆಸರು ಹೇಳುತ್ತಾರೆ. ಹನ್ನೊಂದು ಪಂದ್ಯದ ಭಾರ ಸಾಲದೆಂದು ಇದನ್ನೂ ಅವನ ಹೆಗಲಿಗೆ ಹಾಕಬೇಕೆ? ಹೀಗೆ ಲೆಕ್ಕದಲ್ಲಿ ಗೆದ್ದ ಕಪ್ಪನ್ನು ನಮ್ಮೂರು ಒಪ್ಪುತ್ತದೆಯೇ? ಯಾಕೆ ಒಪ್ಪುವುದಿಲ್ಲ, ಕುಣಿದಾಡಿ ಒಪ್ಪುತ್ತದೆ, ಗಾಜಿನ ಬೀರುವಿನಲ್ಲಿಟ್ಟು ಬೀಗ ಹಾಕುತ್ತದೆ. ಆದರೂ...

ನೋಸ್ಕೆ ನಡೆಯತೊಡಗಿದ. ಓಡಲಿಲ್ಲ. ಕುರಿದೊಡ್ಡಿಯ ಬಾಗಿಲು ಹಾಕಿ ಬರಲು ಹೊರಟವನಂತೆ, ಅತ್ತಿತ್ತ ನೋಡದೆ, ಲೈಲ್‌ನ ಮುಂದೆಯೇ ಹಾದು ಬಿಳಿ ಗೆರೆಯ ಕಡೆಗೆ ನಡೆದ. ಗೆರೆಗೆ ಮೂವತ್ತು ಹೆಜ್ಜೆಯಾದರೂ ಇತ್ತು. ಇಪ್ಪತ್ತಾಯಿತು. ಹತ್ತಾಯಿತು. ಲೈಲ್‌ನ ಬಲಗೈ ಸೊಂಟ ಬಿಟ್ಟು ಎದೆಯ ತನಕ ಬಂತು. ನೋಸ್ಕೆ ಗೆರೆ ದಾಟಿದ. ಅಂಪೈರ್ ಸೀಟಿ ಊದಿದ. ಮೈದಾನದಲ್ಲಿ ನೀಲಿಯವರು ಹದಿನೆಂಟು ಜನ ಇದ್ದರು.

ಆಮೇಲೆ ಲೈಲ್ ಒಂದು ಗೋಲು ಹೊಡೆದ. ಕೂರಿಂಬಾದ ಕಾರುಗಳು ಒಂದೇ ಸಮನೆ ಹಾರನ್ ಬಾರಿಸಿದವು. ಇನ್ನೊಂದು ಗೋಲಿಗೆ ಸಮಯ ಉಳಿಯಲಿಲ್ಲ. ಮೆರ್ಲ್ ಆಂಟಿ ಸೈರನ್ ಒತ್ತಿದಾಗ ಎಂಬತ್ತೊಂದು, ಎಪ್ಪತ್ತೆಂಟು.

ಪದ್ಧತಿಯಂತೆ ಸೋತ ಕ್ಯಾಪ್ಟನ್ ಮೊದಲು ಮೈಕ್ ಹಿಡಿದು, ಗೆದ್ದವರಿಗೆ, ಅಂಪೈರುಗಳಿಗೆ, ಕ್ಯಾಂಟೀನಿನ ಹೆಂಗಸರಿಗೆ ಕೃತಜ್ಞತೆ ಹೇಳಿದ. ಧ್ವನಿ ಸ್ಥಿರವಾಗಿತ್ತು. ಯಾಕೆಂದರೆ ಅಷ್ಟು ಹೊತ್ತಿಗೆ ಅವನು ತನಗೆ ತಾನೇ ಒಂದು ಮಾತು ಒಪ್ಪಿಸಿಕೊಂಡಿದ್ದ: ನಾನು ದಯೆ ತೋರಿಸಿದೆ. ಗೆಳೆಯನೊಬ್ಬನ ಮಾನ ಉಳಿಸಲು ಕಪ್ ಬಿಟ್ಟುಕೊಟ್ಟೆ. ಯಾರಿಗೂ ಹೇಳದೆ ಸಾಯುವ ತನಕ ಇಟ್ಟುಕೊಳ್ಳುವಂಥ ವಿಷಯ. ಸೋಲಿನ ನೋವಿನ ನಡುವೆಯೂ ಅವನಿಗೆ ಹಿತವೆನಿಸಿತು.

ಸಂಜೆ ಬಿಸಿಲಿಳಿದಾಗ ನೋಸ್ಕೆ ಅವನನ್ನು ಹುಡುಕಿಕೊಂಡು ಕಾರಿನ ಹತ್ತಿರ ಬಂದ. ಕುತ್ತಿಗೆಯಲ್ಲಿ ಪದಕ, ಕೈಯಲ್ಲಿ ಎರಡು ಮಾಂಸದ ಪೈ. ಒಂದನ್ನು ಲೈಲ್‌ಗೆ ಕೊಟ್ಟ. ಇಬ್ಬರೂ ಡಿಕ್ಕಿಗೆ ಒರಗಿ ಸ್ವಲ್ಪ ಹೊತ್ತು ತಿಂದರು.

"ಥ್ಯಾಂಕ್ಸ್ ಗೀಂಕ್ಸ್ ಏನೂ ಬೇಡ ಮಾರಾಯ," ಲೈಲ್ ಅಂದ. "ನಿನ್ನ ಜಾಗದಲ್ಲಿ ಯಾರಿದ್ರೂ ನಾನು ಹಂಗೇ ಮಾಡ್ತಿದ್ದೆ."

"ಏನು ಮಾಡಿದೆ?"

"ಅದೇ. ಕೈ ಎತ್ತಲಿಲ್ವಲ್ಲ."

ನೋಸ್ಕೆ ಅಗಿಯುವುದನ್ನು ನಿಲ್ಲಿಸಿ ಅವನನ್ನು ನೋಡಿದ. ಅವನ ಮುಖದಲ್ಲಿ ಕುಹಕ ಇರಲಿಲ್ಲ, ಅದೇ ಕಷ್ಟ.

"ಲೈಲ್, ಸುಳ್ಳು ಯಾಕೆ ಹೇಳ್ಲಿ. ಓಡಿದ್ರೆ ನೀನು ಕಿರುಚಿಬಿಡ್ತಿದ್ದೆ. ಗಾಬರಿಯಾದಾಗ ನಿನ್ನ ಕೈಕಾಲು ತಾವೇ ಕೆಲಸ ಮಾಡ್ತವೆ, ಚೆನ್ನಾಗೇ ಮಾಡ್ತವೆ. ಅದಕ್ಕೇ ನಡೆದೆ. ನಿಂಗೆ ಟೈಮ್ ಕೊಟ್ರೆ ನೀನು ಯೋಚನೆ ಮಾಡ್ತಾ ನಿಲ್ತೀಯ. ಹದಿನೇಳು ವರ್ಷದಿಂದ ನಿನ್ನನ್ನ ಹಿಡಿಯೋದೇ ಹಂಗೆ ಕಣೋ. ಮೈಮೇಲೆ ಬೀಳಲ್ಲ, ಸ್ವಲ್ಪ ಜಾಗ ಬಿಟ್ಟು ನಿಲ್ತೀನಿ."

ಲೈಲ್ ಕೈಯಲ್ಲಿದ್ದ ಪೈಯನ್ನು ಡಿಕ್ಕಿಯ ಮೇಲಿಟ್ಟ.

"ಮೆಲ್ಬರ್ನ್‌ನಲ್ಲೂ ಅಷ್ಟೇ ಅಲ್ವಾ? ನಾನು ಟೀವೀಲಿ ನೋಡ್ದೆ ಆವತ್ತು," ನೋಸ್ಕೆ ಮೆಲ್ಲಗೆ ಅಂದ. "ನಂದು ಕುಡಿತ, ಬಾಯಿಬಿಟ್ಟು ಹೇಳ್ಕೊಂಡೆ, ಬಿಟ್ಟೆ. ನೀನು ಇನ್ನೂ ಬ್ಯಾಂಡೇಜು ಸುತ್ಕೊಂಡೇ ಇದೀಯ." ಅವನ ಭುಜ ತಟ್ಟಿ, ಕೈಗೆ ಹತ್ತಿದ ಸಾಸನ್ನು ಚಡ್ಡಿಗೆ ಒರೆಸಿಕೊಂಡು ಲಾರಿಯ ಕಡೆಗೆ ಹೋದ. ಮಗಳು ಬಾನೆಟ್ಟಿನಿಂದ ಅವನ ಮೇಲೆ ಧುಮುಕಿದಳು.

ಮೆರ್ಲ್ ಆಂಟಿ ಗಡಿಯಾರದ ಪೆಟ್ಟಿಗೆ ಹಿಡಿದು ಬಂದಾಗ ಲೈಲ್ ಡ್ರೈವರ್ ಸೀಟಿನಲ್ಲಿ ಬಾಗಿಲು ತೆಗೆದು ಕೂತಿದ್ದ. ಅವಳು ಇನ್ನೊಂದು ಕಡೆಯಿಂದ ಹತ್ತಿ ಕೂತಳು. ಅವಳನ್ನು ಮನೆಗೆ ಬಿಡಬೇಕಿತ್ತು.

"ಮೇಲಿನಿಂದ ನಾನು ಎಣಿಸಿದೆ," ಅವಳು ಅಂದಳು. "ಹತ್ತೊಂಬತ್ತು. ಗಾಜು ಬಡಿದೆ, ಕೂಗಿದೆ. ನಂಗೆ ಕೇಳೋ ಹಕ್ಕಿಲ್ಲ. ನೀನು ನೋಡಿದ್ಯಾ?"

ಉತ್ತರಗಳು ಸಿದ್ಧವಾಗಿದ್ದವು. ನೋಡಲಿಲ್ಲ ಎನ್ನಬಹುದಿತ್ತು. ಮೊಣಕಾಲು ನೋಯುತ್ತಿತ್ತು, ಆ ಕಡೆ ಗಮನ ಇರಲಿಲ್ಲ ಎನ್ನಬಹುದಿತ್ತು.

"ನೋಡಿದೆ ಆಂಟಿ. ಎರಡು ಸಲ ಎಣಿಸಿದೆ."

"ಮತ್ತೆ? ನೋಸ್ಕೆ ಮೇಲೆ ಕನಿಕರಾನಾ?"

ನೆಪವನ್ನು ಅವಳೇ ಕೊಟ್ಟಳು. ಹೌದು ಎಂದು ತಲೆಯಾಡಿಸಿದರೆ ಸಾಕಿತ್ತು, ಸಾಯುವ ಹೆಂಗಸು ಅದನ್ನು ಹೊಟ್ಟೆಗೆ ಹಾಕಿಕೊಂಡು ಹೋಗುತ್ತಿದ್ದಳು. ಲೈಲ್ ತಲೆಯಾಡಿಸಲಿಲ್ಲ.

"ಇಲ್ಲ. ಯೋಚನೆ ಮಾಡ್ತಾ ನಿಂತುಬಿಟ್ಟೆ. ಮೆಲ್ಬರ್ನ್‌ನಲ್ಲೂ ಅದೇ ಆಗಿದ್ದು. ಮೊಣಕಾಲಿಗೆ ಏನೂ ಆಗಿರಲಿಲ್ಲ ಆಂಟಿ, ಯಾವತ್ತೂ."

ಅವಳು ಮುಂದಿನ ಗಾಜಿನಾಚೆ ನೋಡಿದಳು. ಮೈದಾನದಲ್ಲಿ ಯಾರೋ ಗೋಲಿನ ಕಂಬಕ್ಕೆ ಸುತ್ತಿದ್ದ ಮೆತ್ತೆ ಬಿಚ್ಚುತ್ತಿದ್ದರು.

"ಗೊತ್ತು," ಅಂದಳು. "ಆ ಕಥೆ ಕಟ್ಟಿದ್ದು ನಾನೇ. ನೀನು ರೈಲು ಹತ್ತೋ ಮೊದಲೇ ಕ್ಯಾಂಟೀನ್ ಕಿಟಕೀಲಿ ನಿಂತು ಊರಿಗೆಲ್ಲ ಹೇಳಿದೆ. ನಿಮ್ಮಮ್ಮ ಇರಲಿಲ್ಲ, ನಿನ್ನನ್ನ ಯಾರೂ ನೋಯಿಸಬಾರದು ಅಂತ. ಒಂದು ಆರು ತಿಂಗಳಿಗೆ ಅಂದ್ಕೊಂಡಿದ್ದೆ. ನೀನು ಅದನ್ನ ಬಿಚ್ಚಲೇ ಇಲ್ಲ. ಬಿಚ್ಚು ಅನ್ನೋಕೆ ನಂಗೂ ಬಾಯಿ ಬರಲಿಲ್ಲ."

ಲೈಲ್ ಬಗ್ಗಿ ಬ್ಯಾಂಡೇಜಿನ ಪಿನ್ನು ತೆಗೆದ. ಒಂದೊಂದೇ ಸುತ್ತು ಬಿಚ್ಚಿದ. ಒಳಗಿನ ಚರ್ಮ ಬೇರೆಲ್ಲ ಕಡೆಗಿಂತ ಬೆಳ್ಳಗಿತ್ತು. ಅವಳು ಬ್ಯಾಂಡೇಜನ್ನು ಅವನ ಕೈಯಿಂದ ತೆಗೆದುಕೊಂಡು, ತೊಡೆಯ ಮೇಲಿಟ್ಟು ನೀಟಾಗಿ ಸುತ್ತಿ, ಗಡಿಯಾರದ ಪೆಟ್ಟಿಗೆಯೊಳಗೆ ಹಾಕಿ ಮುಚ್ಚಿದಳು.

"ನಂಗೆ ಸಿಟ್ಟಿದೆ ಕಣೋ," ಅಂದಳು. "ಆ ಕಪ್ ನಂಗೆ ಬೇಕಿತ್ತು."

"ಗೊತ್ತು ಆಂಟಿ."

ಅವಳ ಕಣ್ಣಲ್ಲಿ ನೀರಿತ್ತು. ಅವನ ಕಣ್ಣಲ್ಲೂ ಇತ್ತು. ಇಬ್ಬರೂ ಒರೆಸಿಕೊಳ್ಳಲಿಲ್ಲ. ಅವನು ಕಾರು ಹೊರಡಿಸಿದ.

ಏಪ್ರಿಲ್‌ನಲ್ಲಿ ಹೊಸ ಸೀಸನ್ನಿನ ಮೊದಲ ಶನಿವಾರ ಲೈಲ್ ಬರಿಗಾಲಿನಲ್ಲಿ, ಅಂದರೆ ಬ್ಯಾಂಡೇಜಿಲ್ಲದ ಕಾಲಿನಲ್ಲಿ ಮೈದಾನಕ್ಕಿಳಿದ. ತಗಡಿನ ಅಟ್ಟಣೆಯಲ್ಲಿ ಬೇರೆ ಯಾರೋ ಕೂತಿದ್ದರು. ಪೆಟ್ರೋಲ್ ಬಂಕಿನವನು ಬೇಲಿಯಾಚೆಯಿಂದ ಕೂಗಿದ: "ಏನು ಗುರು, ಮೊಣಕಾಲು ವಾಸಿಯಾಯ್ತಾ?"

"ಅದಕ್ಕೆ ಏನೂ ಆಗಿರಲಿಲ್ಲ," ಲೈಲ್ ಅಂದ. "ನಾನು ಚೆನ್ನಾಗಿ ಆಡಲಿಲ್ಲ, ಕಳಿಸಿದ್ರು. ಅಷ್ಟೇ."

ಬಂಕಿನವನು ಬಾಯಿ ತೆರೆದು ನೋಡಿದ. ಆಮೇಲೆ ಪಕ್ಕದವನ ಕಡೆ ತಿರುಗಿ, ಲೈಲ್‌ಗೆ ಕೇಳದಂತೆ ದನಿ ತಗ್ಗಿಸಿ ಹೇಳಿದ: "ಪಾಪ, ಎಷ್ಟು ದೊಡ್ಡ ಮನಸ್ಸು ನೋಡು. ಅಷ್ಟು ನೋವಿದ್ರೂ ಒಂದು ದಿನ ಹೇಳ್ಕೊಂಡವನಲ್ಲ."