ಜೀರುಗಂಟು

ಮಾವ ಸ್ಟೂಲು ಹತ್ತಿ ಕತ್ತರಿ ಚಾಚಿಯೇಬಿಟ್ಟಿದ್ದರು. ತಂಗಿಯ ಮಗಳು ಒಳಗಿನಿಂದ ಓಡಿಬಂದು ಅವರ ಕಾಲನ್ನೇ ಹಿಡಿದುಕೊಂಡಳು.

“ಮಾವ, ಅದನ್ನ ಮುಟ್ಟಬೇಡಿ!”

“ಅಲ್ಲ ಕಣಮ್ಮ, ಕೆಳಗೆ ನಿಮ್ಮಮ್ಮ ಮಲಗಿದ್ದಾಳೆ, ಮೇಲೆ ಕೆಂಪು ಬಲೂನು ತೂಗ್ತಿದೆ. ಬಂದವರು ಇದೇನು ಸಾವಿನ ಮನೆಯೋ, ಹುಟ್ಟುಹಬ್ಬವೋ ಅಂದುಕೊಳ್ಳಲ್ವಾ?”

ಬಲೂನಿನ ಮೈತುಂಬ ಬಿಳಿ ಲೇಸಿತ್ತು. ನಿನ್ನೆ ಸಂಜೆ ಅಮ್ಮ ಅದನ್ನು ಗಂಜಿಯಲ್ಲಿ ಅದ್ದಿ, ಸುಕ್ಕಿಲ್ಲದಂತೆ ಬಲೂನಿಗೆ ಹೊದಿಸಿ, ಒಣಗಲೆಂದು ನೇತುಹಾಕಿದ್ದಳು. ಗಡುಸಾದ ಮೇಲೆ ಒಳಗಿನ ಬಲೂನು ತೆಗೆದರೆ ಲೇಸು ಗುಂಡಗೆ ನಿಲ್ಲುತ್ತದೆ, ಅದರೊಳಗೆ ದೀಪ ಇಡಬಹುದು. ಲೇಸು ಒಣಗುವ ಮುಂಚೆ ಅಮ್ಮನೇ ಹೊರಟುಹೋದಳು.

“ಅದರೊಳಗಿರೋದು ಅಮ್ಮನ ಉಸಿರು, ಮಾವ.”

ತಂಗಿಯ ಸಾವಿಗೆ ಬೆಳಗಿನಿಂದ ಅಳದ ಮನುಷ್ಯ ಸ್ಟೂಲಿನಿಂದ ಇಳಿದು, ಅದರ ಮೇಲೆಯೇ ಕುಸಿದು ಕೂತರು.

*

“ಪಂಪು ತಂದುಕೊಟ್ಟಿದ್ದೀನಲ್ಲ! ನಾಲ್ಕು ಮೆಟ್ಟಿಲು ಹತ್ತಿದ್ರೆ ಏದುಸಿರು ಬಿಡ್ತೀಯ, ಬಾಯಲ್ಲಿ ಯಾಕೆ ಊದ್ಬೇಕು?” ಹಿಂದಿನ ಸಂಜೆ ಮಗಳು ಗದರಿದ್ದಳು.

“ಎಲ್ಲಿ ನಿಲ್ಲಿಸ್ಬೇಕು ಅಂತ ಪಂಪಿಗೇನು ಗೊತ್ತೇ?”

ನಡುನಡುವೆ ಎದೆ ನೀವಿಕೊಳ್ಳುತ್ತ ಅಮ್ಮ ಊದಿ ಮುಗಿಸಿದಳು. ಬಲೂನಿನ ಬಾಯಿಗೆ ದಾರ ಸುತ್ತಿ, ಎಳೆದರೆ ಬಿಚ್ಚಿಕೊಳ್ಳುವ ಜೀರುಗಂಟು ಹಾಕಿದಳು. ಎಲ್ಲರಂತೆ ಸೂಜಿ ಚುಚ್ಚುವವಳಲ್ಲ ಅವಳು; ಗಾಳಿ ಬಿಟ್ಟು ಅದೇ ಬಲೂನನ್ನು ಮತ್ತೆ ಊದುವವಳು. ಜಿಪುಣಿ ಎಂದು ಆಡಿಕೊಂಡರೆ, “ಚೆನ್ನಾಗಿರೋದನ್ನ ಒಡೆಯೋಕೆ ಕೈ ಬರಲ್ಲ ಕಣೇ” ಎನ್ನುತ್ತಿದ್ದಳು.

“ಬಟ್ಟೆಗೆ ಕುಡಿಸಿದಷ್ಟು ಗಂಜಿ ನನಗೆ ಕುಡಿಸಿಲ್ಲ ನೀನು. ಇದು ಯಾರಿಗೆ?”

“ನಿನಗೇ. ಊರಿಗೆಲ್ಲ ಮಾಡಿಕೊಟ್ಟೆ, ನಿನ್ನ ಮಂಚದ ಪಕ್ಕ ಬರೀ ಬಲ್ಬು ನೇತಾಡ್ತಿದೆ.”

*

ಮಣ್ಣು ಮಾಡಿ ಬಂದಾಗ ಬಲೂನು ಒಂದಿಷ್ಟು ಸೊರಗಿತ್ತು. ಅಮ್ಮನಿಗೆ ಲೇಸು ಹೊಲಿದುಕೊಡುತ್ತಿದ್ದ ಪಕ್ಕದ ಮನೆಯ ದರ್ಜಿ ಬೆರಳಿಂದ ಮೆಲ್ಲಗೆ ತಟ್ಟಿ ನೋಡಿದರು.

“ಒಣಗಿದೆಯಮ್ಮ. ಇನ್ನು ಹೀಗೇ ಬಿಟ್ರೆ ಬಲೂನು ಕುಗ್ತಾ ಲೇಸನ್ನೂ ಒಳಕ್ಕೆ ಎಳ್ಕೊಳ್ಳುತ್ತೆ. ತೆಗೆದುಬಿಡು.”

“ತೆಗೆದ್ರೆ ಹೋಗುತ್ತಲ್ಲ.”

“ಇಟ್ಕೊಂಡ್ರೂ ಹೋಗುತ್ತೆ. ಆಮೇಲೆ ಇದೂ ಇರಲ್ಲ, ಅದೂ ಇರಲ್ಲ.”

ಅವಳಿಗೆ ದುಃಖ ಉಮ್ಮಳಿಸಿ ಬಂತು. ಮಣ್ಣು ಹಾಕುವಾಗಲೂ ಇಷ್ಟು ಸಂಕಟವಾಗಿರಲಿಲ್ಲ. ಅಮ್ಮನನ್ನು ಎರಡನೇ ಸಲ ಕಳಿಸಿಕೊಡಬೇಕಿತ್ತು, ಅದೂ ತನ್ನ ಕೈಯಾರೆ.

ಬಲೂನನ್ನು ಇಳಿಸಿ ಮಡಿಲಲ್ಲಿಟ್ಟುಕೊಂಡಳು. ಲೇಸು ಮುಚ್ಚದೆ ಬಿಟ್ಟಿದ್ದ ಕಡೆ ಅದರ ಬಾಯಿ ಹೊರಗಿತ್ತು. ದಾರದ ತುದಿ ಎಳೆದಳು. ಅಮ್ಮ ಹಾಕಿದ ಗಂಟು ಸಲೀಸಾಗಿ ಬಿಚ್ಚಿಕೊಂಡಿತು. ಬಾಯನ್ನು ಬೆರಳುಗಳಲ್ಲಿ ಬಿಗಿಹಿಡಿದು, ಕೆನ್ನೆಯ ಹತ್ತಿರ ತಂದು, ಸ್ವಲ್ಪ ಸ್ವಲ್ಪವೇ ಸಡಿಲಿಸಿದಳು.

ಗಾಳಿ ಅವಳ ಕಿವಿಯ ಪಕ್ಕದ ಕೂದಲನ್ನು ಅಲುಗಿಸಿತು. ಬಲೂನು ಲೇಸಿನಿಂದ ಬಿಡಿಸಿಕೊಳ್ಳುತ್ತ, ಕುಗ್ಗುತ್ತ ಹೋಯಿತು. ಲೇಸು ಮಾತ್ರ ಒಂದು ಚೂರೂ ಬಾಗದೆ ಗುಂಡಗೆ ನಿಂತಿತು.

ಮಾವ ಸದ್ದಿಲ್ಲದೆ ಎದ್ದು ಫ್ಯಾನು ಆರಿಸಿದರು. ಆಮೇಲೆ ತೆರೆದಿದ್ದ ಕಿಟಕಿಯನ್ನೂ ಮುಚ್ಚಿದರು.