ಎರಡನೆಯ ಕಣ್ಣು

ಕೆಂಭಾವಿ ಕಡೆಯ ಉಪಕಾಲುವೆಗೆ ನೀರು ಬಂದಾಗಿನಿಂದ ಮರಿಲಿಂಗಪ್ಪನೇ ತೂಬು ತೆರೆದು ಮುಚ್ಚುವ ಗೇಟ್‌ಮನ್, ಮರಿಲಿಂಗಪ್ಪನೇ ವರುಣದೇವ. ಕಾಲುವೆಯ ಕೊನೆಯ ಹೊಲದವರು ನೀರು ಕೇಳಿದರೆ, "ಮ್ಯಾಲಿಂದ ಬರಬೇಕಲ್ಲಪಾ" ಎಂದು ಆಕಾಶ ತೋರಿಸುತ್ತಿದ್ದ. ಅವನ ಎರಡೂ ಕಣ್ಣಿಗೆ ಪೊರೆ ಬಂದದ್ದು ಈಚೆಗೆ. ಕೊನೆಯ ಹೊಲ ಮಾತ್ರ ಅದಕ್ಕೂ ಮೊದಲೇ ಕಾಣುತ್ತಿರಲಿಲ್ಲ.

ಶಹಾಪುರದ ಆಸ್ಪತ್ರೆಯಲ್ಲಿ ಒಂದು ಕಣ್ಣಿನ ಪೊರೆ ತೆಗೆಯಲು ಆ ಕಣ್ಣಿಗಷ್ಟೇ ಮರಗಟ್ಟುವ ಸೂಜಿ ಕೊಟ್ಟು ಮಲಗಿಸಿದರು. ಕಿವಿಗಳು ಎಚ್ಚರವಾಗಿದ್ದವು.

"ಕ್ಯಾನ್ಯುಲಾ ಕೊಡ್ರಿ," ಎಂದರು ಡಾಕ್ಟರು. "ಈ ಸಣ್ಣ ಕೊಳವ್ಯಾಗ ನೀರು ಹರೀತಾನೇ ಇರಬೇಕು. ನಿಂತರ ಕಣ್ಣು ಕುಸೀತೈತಿ. ಸಿಸ್ಟರ್, ಬಾಟ್ಲಿ ಎತ್ತರಕ್ಕಿರಲಿ, ಧಾರಿ ನೀವು ನೋಡ್ಕೋರಿ."

"ಆತ್ರಿ ಸರ್."

ಆ ದನಿ ಎಲ್ಲೋ ಕೇಳಿದಂತಿತ್ತು. "ಯಾರವ್ವಾ ನೀ?" ಎಂದು ಮರಿಲಿಂಗಪ್ಪ ಮುಖದ ಮೇಲಿನ ಬಟ್ಟೆಯೊಳಗಿಂದಲೇ ಕೇಳಿದ.

"ಕೊನಿ ಹೊಲದ ಅಂಬ್ರಪ್ಪನ ಮಗಳು ದೇವಕಮ್ಮರಿ, ಕಾಕಾ. ಅಲುಗಾಡಬ್ಯಾಡ್ರಿ. ನೀರು ಮ್ಯಾಲಿಂದನ ಬರಾಕತ್ತೈತಿ."

ಮರಿಲಿಂಗಪ್ಪ ಉಸಿರನ್ನೂ ಪಾಳಿ ಹಚ್ಚಿ ಬಿಟ್ಟ. ದೇವಕಮ್ಮ ಧಾರೆಯನ್ನು ಒಂದು ಕ್ಷಣವೂ ನಿಲ್ಲಿಸಲಿಲ್ಲ. ಆಕೆ ನರ್ಸ್, ಗೇಟ್‌ಮನ್ ಅಲ್ಲವಲ್ಲ.

ಪಟ್ಟಿ ಬಿಚ್ಚಿ ಊರಿಗೆ ಬಂದವನಿಗೆ ಮೊದಲು ಕಂಡದ್ದು ಅಂಬ್ರಪ್ಪನ ಹೊಲ. ಆ ವಾರವೇ ಅಲ್ಲಿಯ ಭತ್ತದ ಮಡಿಗಳಿಗೆ ಕಾಲುವೆ ನೀರು ಹರಿಯಿತು. ಊರವರು ಡಾಕ್ಟರ ಕೈಗುಣವನ್ನು ಕೊಂಡಾಡಿದರು.

ಮತ್ತೆ ತಪಾಸಣೆಗೆ ಹೋದಾಗ ಅವನು ಮೆಲ್ಲಗೆ ಕೇಳಿದ, "ಇನ್ನೊಂದು ಕಣ್ಣು ಯಾವಾಗವ್ವಾ?"

ದೇವಕಮ್ಮ ಕ್ಯಾನ್ಯುಲಾ ತೊಳೆಯುತ್ತ ಹೇಳಿದಳು, "ಅವಸರ ಯಾಕ್ರಿ ಕಾಕಾ? ಅಪ್ಪನ ನೆಲ್ಲಿನ ರಾಶಿ ಮುಗೀಲಿ."